ಪದಚರ್ಚೆ: ಸ್ಟೀರಿಂಗಿನ ‘ಪ್ಲೇ’ಗೆ ‘ಆಟ’ ಎನ್ನಬಹುದೇ?

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಕುಂಬಳೆಯ ಸಮೀಪದ ಪರಿಚಿತರೊಬ್ಬರಲ್ಲಿ ಹಳೆಯ ಮರ್ಸಿಡಿಸ್ ಕಾರೊಂದು ಇದೆ. 1976ರಲ್ಲಿ ಮೊದಲು ಹೊರಬಂದ ಡಬ್ಲ್ಯು 123 ಮಾದರಿಯದು. ಸ್ಟೀರಿಂಗಿನ ಚಲನೆಯನ್ನು ಚಕ್ರಗಳಿಗೆ ಮುಟ್ಟಿಸುವ ಅದರ ಎರಡೂ ಟೈ ರಾಡ್, ಅವುಗಳ ನಡುವಿನ ಲಿಂಕ್, ನಡುಕ ತಗ್ಗಿಸುವ ಸ್ಟೀರಿಂಗ್ ಡ್ಯಾಂಪರ್ ಎಲ್ಲವನ್ನೂ ಹೊಸತು ಹಾಕಿಸಿದ ಮೇಲೂ ಪವರ್ ಸ್ಟೀರಿಂಗ್ ‘ಲೂಸ್’ ಆಗಿಯೇ ಉಳಿದಿದೆ. ಇಂತಹ ದೋಷವನ್ನು ಹುಡುಕುವ ಕ್ರಮವನ್ನು ಕನ್ನಡದಲ್ಲಿ ಬರೆದುಕೊಡಬೇಕೆಂದು ಅವರು ಕೇಳಿದ್ದಾರೆ. ‘ಲೂಸ್’ ಇರುವಲ್ಲೆಲ್ಲ ‘ಸಡಿಲ’ ಎಂದು ಹಾಕಿದರೆ ಭಾಷೆಯ ಮಟ್ಟಿಗೆ ಸರಿಯಾದರೂ ರಿಪೇರಿಯ ಮಟ್ಟಿಗೆ ಅಪಾಯಕರವೆಂದು ನನ್ನ ಅನಿಸಿಕೆ. ಏಕೆಂದರೆ ಸಡಿಲವಾದುದನ್ನು ಕಂಡವನು ಮೊದಲು ಮಾಡುವ ಕೆಲಸ ಬಿಗಿ ಮಾಡುವುದು, ಮತ್ತು ಇಲ್ಲಿ ಬಿಗಿ ಮಾಡುವುದು ಹಲವು ಸಂದರ್ಭಗಳಲ್ಲಿ ತಪ್ಪು ಚಿಕಿತ್ಸೆ.

‘ಲೂಸ್’ ಎಂಬ ಒಂದೇ ದೂರಿನೊಳಗೆ ಬೇರೆ ಬೇರೆ ದೋಷಗಳು ಅಡಗಿವೆ. ಸ್ಟೀರಿಂಗನ್ನು ತುಸು ತಿರುಗಿಸಿದರೂ ಮುಂದಿನ ಚಕ್ರಗಳು ಮಿಸುಕದೆ ಇರುವುದು ಒಂದು. ಚಕ್ರಗಳು ಕೂಡಲೇ ತಿರುಗಿದರೂ ರಸ್ತೆಯ ಹಿಡಿತ ಕೈಗೆ ತಿಳಿಯದಷ್ಟು ಸ್ಟೀರಿಂಗ್ ಹಗುರವಾಗಿರುವುದು ಇನ್ನೊಂದು. ಕೀಲುಗಳೆಲ್ಲ ಗಟ್ಟಿಯಾಗಿದ್ದೂ ನೇರ ರಸ್ತೆಯಲ್ಲಿ ಕಾರು ಎಡಕ್ಕೂ ಬಲಕ್ಕೂ ಅಲೆಯುತ್ತ, ಮತ್ತೆ ಮತ್ತೆ ತಿದ್ದಬೇಕಾಗಿ ಬರುವುದು ಮತ್ತೊಂದು. ಹೊಸ ಟೈ ರಾಡ್ ಹಾಕಿದ ಬಳಿಕ ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ವಾಲಿ ನಿಲ್ಲುವ ಕೋನ, ಹೊಂದಿಸದೆ ಬಿಟ್ಟು, ಎರಡು ಚಕ್ರಗಳ ಮುಂಭಾಗ ಹೊರಕ್ಕೆ ತೆರೆದುಕೊಂಡಿದ್ದರೆ ಹೀಗಾಗುತ್ತದೆ. ಇದಕ್ಕೆ ಯಾವ ನಟ್ಟನ್ನು ಬಿಗಿ ಮಾಡಿಯೂ ಪ್ರಯೋಜನವಿಲ್ಲ, ಅಲೈನ್‌ಮೆಂಟ್ ಮಾಡಿಸಬೇಕು.

ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಇವುಗಳ ಪೈಕಿ ಮೊದಲನೆಯದಕ್ಕೆ ಮಾತ್ರ ಖಚಿತವಾದ ಹೆಸರಿದೆ: ‘ಪ್ಲೇ’. ‘ಪ್ಲೇ ಉಂಡು’ ಎಂದು ಯಾರಾದರೂ ಹೇಳಿದರೆ ಅದು ತುಳುವೋ ಮಲಯಾಳವೋ ಎಂದು ಅಷ್ಟರಿಂದಲೇ ನಿರ್ಧರಿಸುವುದು ಕಷ್ಟ. ‘ಪ್ಲೇ ಉಂಟು’ ಎಂದರೆ ನಮ್ಮ ಕನ್ನಡ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇದನ್ನು ‘ಬ್ಯಾಕ್‌ಲ್ಯಾಶ್’ ಎಂದು ಕರೆದು, ಸ್ಟೀರಿಂಗ್ ಚಕ್ರದಲ್ಲಿ ಅದು 30 ಡಿಗ್ರಿಯನ್ನು ಮೀರಕೂಡದು ಎನ್ನುತ್ತವೆ. ಗಡಿಯಾರದ ಮುಖದಲ್ಲಿ 12ರಿಂದ 1ರವರೆಗೆ ಇರುವ ಅಂತರ ಅಷ್ಟು. ಕಾನೂನು ಅದನ್ನು ಸಹಿಸಿದರೂ ಇಂತಹ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ಸಹಿಸಲಾರರು.

ಪ್ಲೇ ಎಲ್ಲಿದೆ ಎಂದು ಹುಡುಕಲು ಕಾರನ್ನು ಹೊಂಡದ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಇಂಜಿನ್ ಚಾಲೂ ಇಟ್ಟು, ಒಬ್ಬರು ಸ್ಟೀರಿಂಗನ್ನು ಅತ್ತಿತ್ತ ಸ್ವಲ್ಪ ಸ್ವಲ್ಪವೇ ಅಲುಗಿಸುತ್ತಿರುವಾಗ ಇನ್ನೊಬ್ಬರು ಕೆಳಗಿನಿಂದ ಒಂದೊಂದೇ ಕೀಲನ್ನು ಗಮನಿಸಬೇಕು. ಇಂಜಿನ್ ಆರಿಸಿ ನೋಡಿದರೆ ಪವರ್ ಸ್ಟೀರಿಂಗಿನ ವಾಲ್ವಿನ ಚಲನೆಯೂ ಸೇರಿಕೊಂಡು, ಇರುವುದಕ್ಕಿಂತ ಹೆಚ್ಚು ಪ್ಲೇ ಇದ್ದಂತೆ ಕಾಣುತ್ತದೆ. ಯಾವ ಕೀಲಿನ ಒಂದು ಬದಿಯ ಚಲನೆ ಇನ್ನೊಂದು ಬದಿಗೆ ದಾಟುವುದಿಲ್ಲವೋ ಅಲ್ಲಿ ದೋಷವಿದೆ. ಟೈ ರಾಡ್ ಬದಲಿಸುವವರು ನಡುವಿನ ಲಿಂಕಿನ ಇನ್ನೊಂದು ತುದಿಯನ್ನು ಹಿಡಿದಿಡುವ ಐಡ್ಲರ್ ಆರ್ಮಿನ ಬುಶ್ಶನ್ನು, ಅಂದರೆ ಕೀಲಿನೊಳಗಿನ ಬಳೆಯಂಥ ತುಂಡನ್ನು, ಹಳೆಯದೇ ಬಿಟ್ಟಿರುವುದುಂಟು. ಸ್ಟೀರಿಂಗ್ ಕಾಲಮ್ಮಿನ ಕಪ್ಲಿಂಗ್, ಸ್ಟೀರಿಂಗ್ ಚಕ್ರದ ತಿರುವನ್ನು ಲಿಂಕಿಗೆ ದಾಟಿಸುವ ಸ್ಟೀರಿಂಗ್ ಬಾಕ್ಸನ್ನು ಚಾಸಿಗೆ ಹಿಡಿದಿಡುವ ಬೋಲ್ಟುಗಳು, ಇವನ್ನೂ ನೋಡಬೇಕು. ಇಲ್ಲಿ ‘ಸಡಿಲ’ ಎಂಬ ಪದ ಬೋಲ್ಟಿಗೆ ಮಾತ್ರ ಸಲ್ಲುತ್ತದೆ; ಸವೆದ ಬುಶ್ ಸಡಿಲವಾದುದಲ್ಲ, ಸವೆದುದು, ಅದನ್ನು ಬಿಗಿ ಮಾಡಲು ಬರುವುದಿಲ್ಲ.

ನಾನು ಹೆಚ್ಚು ಯೋಚಿಸಬೇಕಾಗಿ ಬಂದದ್ದು ಸ್ಟೀರಿಂಗ್ ಬಾಕ್ಸಿನ ವಿವರಣೆಯಲ್ಲಿ. ಈ ಬಾಕ್ಸಿನೊಳಗೆ ಉಕ್ಕಿನ ಗುಂಡುಗಳ ಮೇಲೆ ಚಲಿಸುವ ಒಂದು ನಟ್ ಇದ್ದು, ಅದರ ಹಲ್ಲುಗಳು ಪಿಟ್‌ಮನ್ ಆರ್ಮನ್ನು, ಅಂದರೆ ಲಿಂಕನ್ನು ಅತ್ತಿತ್ತ ಸರಿಸುವ ತೋಳನ್ನು, ತಿರುಗಿಸುವ ಶಾಫ್ಟಿನ ಹಲ್ಲುಗಳೊಡನೆ ಕೂಡಿಕೊಂಡಿರುತ್ತವೆ. ಕಾರು ನೇರ ಹೋಗುವಾಗಿನ ನಡುವಿನ ಸ್ಥಾನದಲ್ಲಿ ಆ ಹಲ್ಲುಗಳು ಹೆಚ್ಚು ಒತ್ತಾಗಿಯೂ, ಎರಡು ಬದಿಗಳಿಗೆ ಸರಿದಂತೆ ತುಸು ಬಿಡುವಾಗಿಯೂ ಕೂಡುವಂತೆ ಅವನ್ನು ಕಡೆದಿರುತ್ತಾರೆ. ಹೊಸ ಟೈ ರಾಡುಗಳ ಉದ್ದ ಎರಡು ಬದಿಯಲ್ಲಿ ಸಮನಾಗದೆ ಹೋದರೆ, ಕಾರು ನೇರ ಹೋಗುವಾಗ ಸ್ಟೀರಿಂಗ್ ವಾರೆಯಾಗಿ ನಿಲ್ಲುತ್ತದೆ. ಆಗ ಸುಲಭದ ಉಪಾಯವೆಂದು ಸ್ಟೀರಿಂಗ್ ಚಕ್ರವನ್ನು ಕಳಚಿ ನೇರವಾಗಿ ಕೂರಿಸಿಬಿಟ್ಟರೆ ಕಣ್ಣಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ಬಾಕ್ಸ್ ತನ್ನ ನಡುವನ್ನು ಬಿಟ್ಟು ಬಿಡುವಿರುವ ಬದಿಯಲ್ಲಿ ಕೆಲಸ ಮಾಡುತ್ತಿರುತ್ತದೆ. ಎಲ್ಲ ಭಾಗಗಳೂ ಹೊಸತಾಗಿದ್ದೂ ಪ್ಲೇ ಉಳಿಯಲು ಇದೊಂದು ನಿಜವಾದ ಕಾರಣ. ಆ ಸ್ಥಿತಿಯಲ್ಲೇ ಬಾಕ್ಸಿನ ಮೇಲಿನ ಅಡ್ಜಸ್ಟಿಂಗ್ ಸ್ಕ್ರೂವನ್ನು ಬಿಗಿ ಮಾಡಿದರೆ ನಡುವಿನ ಒತ್ತು ಜಾಗಕ್ಕೆ ಬಂದಾಗ ಹಲ್ಲುಗಳು ಹಿಡಿದುಕೊಳ್ಳುತ್ತವೆ, ತಿರುವಿನ ಬಳಿಕ ಸ್ಟೀರಿಂಗ್ ತಾನಾಗಿ ಮರಳುವುದಿಲ್ಲ, ಬಾಕ್ಸ್ ಬೇಗ ಸವೆಯುತ್ತದೆ. ಮೊದಲು ಬಾಕ್ಸನ್ನು ನಡುವಿಗೆ ತಂದು, ಆ ಸ್ಥಾನಕ್ಕೆ ಟೈ ರಾಡುಗಳನ್ನು ಹೊಂದಿಸಿ, ಸ್ಕ್ರೂವನ್ನು ಕೊನೆಗೆ ಮಾತ್ರ ಮುಟ್ಟಬೇಕು.

ಈ ವಿವರಣೆಯಲ್ಲಿ ನನಗೆ ಎರಡು ಪದಗಳು ಬೇಕಾದವು. ಹಲ್ಲುಗಳ ನಡುವೆ ತಯಾರಕರೇ ಇಟ್ಟ ಅಂತರಕ್ಕೆ ‘ಬಿಡುವು’ ಎಂದೂ, ಆ ಅಂತರದಿಂದಲೋ ಸವೆತದಿಂದಲೋ ಕೈಗೆ ತಿಳಿಯುವ ವ್ಯರ್ಥ ಚಲನೆಗೆ ‘ಆಟ’ ಎಂದೂ ಬರೆದಿದ್ದೇನೆ. ‘ಆಟ’ವು ‘ಪ್ಲೇ’ಯ ಯಾಂತ್ರಿಕ ಅನುವಾದವೆಂಬ ಆಕ್ಷೇಪ ಬರಬಹುದು, ಆದರೆ ನನಗೆ ಹಾಗೆ ಕಾಣುವುದಿಲ್ಲ. ‘ಆಡು’ ಎಂಬ ಧಾತುವಿಗೆ ಅಲುಗು, ಚಲಿಸು ಎಂಬ ಅರ್ಥ ಕನ್ನಡದಲ್ಲಿ ಹಳೆಯದು. ಅಲ್ಲಾಡು, ಓಲಾಡು, ತೂಗಾಡು, ಗಾಳಿಯಾಡು, ‘ಕೈಕಾಲು ಆಡುವುದಿಲ್ಲ’ ಎಂಬಲ್ಲೆಲ್ಲ ಅದೇ ಇದೆ. ಮಲಯಾಳದ ‘ಆಟ್ಟಂ’ ಎಂಬುದಕ್ಕೂ ಅಲುಗಾಟವೆಂಬ ಅರ್ಥವಿದೆ. ಈ ಕಾರು ಹುಟ್ಟಿದ ನಾಡಿನ ಜರ್ಮನ್ ಭಾಷೆಯಲ್ಲಿಯೂ ‘ಶ್ಪೀಲ್’ ಎಂಬ ಒಂದೇ ಪದ ಆಟವನ್ನೂ ಕೀಲಿನ ಈ ಚಲನೆಯನ್ನೂ ಸೂಚಿಸುತ್ತದೆ.

ಗಂಭೀರವಾದ ತೊಡಕು ಬೇರೆಯದು. ಕಾಸರಗೋಡಿನಲ್ಲಿ ‘ಆಟ ಉಂಟು’ ಎಂದರೆ ಯಕ್ಷಗಾನವಿದೆ ಎಂದು ಅರ್ಥ. ‘ಸ್ಟೀರಿಂಗಿನಲ್ಲಿ ಆಟ ಉಂಟು’ ಎಂದು ಬರೆದರೆ ಓದುಗರು ಯಾವ ಪ್ರಸಂಗವೆಂದು ಕೇಳುವ ಸಂಭವವಿದೆ. ನಗು ಬಂದರೂ ಅಡ್ಡಿಯಿಲ್ಲ, ಅರ್ಥ ಕೆಡಬಾರದು. ಆದ್ದರಿಂದ ಶೀರ್ಷಿಕೆಗಳಲ್ಲಿ ‘ಕೀಲಿನ ಆಟ’, ‘ಬಾಕ್ಸಿನ ಆಟ’ ಎಂದು ವಿಶೇಷಣ ಸೇರಿಸಿ, ಮೊದಲ ಸಲ ಬಂದಲ್ಲಿ ‘ಆಟ, ಅಂದರೆ ಪ್ಲೇ’ ಎಂದು ಸೂಚಿಸಿದ್ದೇನೆ. ಹಳೆಯ ಮೈಸೂರು ಕಡೆಯ ‘ಅಳ್ಳಕ’ವನ್ನೂ ಪರಿಶೀಲಿಸಿದೆ, ಸೊಗಸಾದ ಪದ, ಆದರೆ ಅದು ಕಟ್ಟು, ಗಂಟು, ಉಡುಪುಗಳಿಗೆ ಹೆಚ್ಚು ಹೊಂದುತ್ತದೆ, ಮತ್ತು ನಮ್ಮ ಗಡಿಯಲ್ಲಿ ಅದನ್ನು ಕೇಳಿದವರು ವಿರಳ.

ಈ ಪದಚರ್ಚೆಯ ಸದಸ್ಯರಲ್ಲಿ ನನ್ನ ವಿಚಾರಣೆ ಇಷ್ಟು. ಗದಗ, ಹುಬ್ಬಳ್ಳಿ, ಸೊಲ್ಲಾಪುರ, ಹೊಸೂರಿನ ಕಡೆಯ ಗ್ಯಾರೇಜುಗಳಲ್ಲಿ, ಅಥವಾ ಎತ್ತಿನ ಗಾಡಿಯ ಅಚ್ಚು ಮತ್ತು ಚಕ್ರದ ನಡುವಿನ ಗುಂಬ ಇವುಗಳ ನಡುವಣ ಅಲುಗಾಟದ ಬಗ್ಗೆ ಮಾತಾಡುವ ಬಡಗಿ ಕಮ್ಮಾರರಲ್ಲಿ, ‘ಆಟ’ವೋ ಬೇರೊಂದು ಪದವೋ ಈ ಅರ್ಥದಲ್ಲಿ ಬಳಕೆಯಲ್ಲಿದೆಯೇ? ನೇರ ನಿಲ್ಲದೆ ಅಲೆಯುವ ದೋಷಕ್ಕೆ ‘ಅಲೆತ’ ಎಂದಿದ್ದೇನೆ. ‘ಎಳೆತ’ ಎಂದರೆ ಒಂದೇ ಬದಿಗೆ ಸೆಳೆಯುವ ಬೇರೆ ದೋಷವಾಗುತ್ತದೆ, ‘ಓಲಾಟ’ ಎಂದರೆ ಕಾರಿನ ಮೈ ಓಲಾಡುವುದಾಗುತ್ತದೆ. ಇದಕ್ಕಿಂತ ಒಳ್ಳೆಯ ಪದವಿದ್ದರೆ ತಿಳಿಸಬೇಕು. ‘ಟೋ’ ಎಂಬುದನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುತ್ತೇನೆ, ಏಕೆಂದರೆ ಅಲೈನ್‌ಮೆಂಟ್ ಮಾಡುವವನ ಬಳಿ ಹೇಳಬೇಕಾದ ಪದ ಅದೇ.