ಅಳಿಯನ ಆರ್15ಗೆ ಮೊದಲು ಏನು ಹಾಕಿಸಬೇಕು

ತೇಜು, ಮನೆಯ ಗ್ರೂಪಿನಲ್ಲಿ ನಿನ್ನ ಮೆಸೇಜ್ ನೋಡಿದೆ. ಸೆಕೆಂಡ್ ಹ್ಯಾಂಡ್ ಯಮಹಾ ಆರ್15 ವಿ3 ಬೈಕ್ ತಗೊಂಡಿದ್ದೀಯ, 2020ರ ಬಿಎಸ್6 (ಹೊಗೆ ನಿಯಮ) ಮಾಡೆಲ್. ಖುಷಿ ಆಯ್ತು, ಒಳ್ಳೆಯ ಗಾಡಿ. ಕೈಯಲ್ಲಿ ಅರವತ್ತು ಸಾವಿರ ಇದೆ, ಫುಲ್ ಸಿಸ್ಟಮ್ ಸೈಲೆನ್ಸರ್, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಟ್ಯೂನಿಂಗ್, ಶಾರ್ಟ್ ಲಿವರ್, ರಿಯರ್‌ಸೆಟ್ (ಹಿಂದಕ್ಕೆ ಕೂರುವ ಫುಟ್‌ರೆಸ್ಟ್) ಇಷ್ಟೂ ಹಾಕಿಸಿದರೆ ಪರ್ಫಾರ್ಮೆನ್ಸ್ ಎಷ್ಟು ಜಾಸ್ತಿ ಆಗುತ್ತದೆ ಮಾವ ಅಂತ ಕೇಳಿದ್ದೀಯ. ಅದರ ಕೆಳಗೇ ಅಕ್ಕ "ಅವನಿಗೆ ಸ್ವಲ್ಪ ಬುದ್ಧಿ ಹೇಳು" ಅಂತ ಹಾಕಿದ್ದಾಳೆ. ಅಕ್ಕಾ, ಹುಡುಗ ಕೇಳಿರುವುದು ಸರಿಯಾದ ಪ್ರಶ್ನೆ, ಬೈಯುವಂಥದ್ದು ಏನೂ ಇಲ್ಲ. ಭಾವ, ನೀವೂ ಕೇಳಿಸಿಕೊಳ್ಳಿ, ದುಡ್ಡು ಕೊಡುವವರು ನೀವೇ ಅಲ್ವಾ. ಉತ್ತರ ಉದ್ದ ಇದೆ, ಊಟ ಆದ ಮೇಲೆ ನಿಧಾನವಾಗಿ ಕೇಳಿ.

ಮೊದಲು ಇಂಜಿನ್ ವಿಷಯ ಮುಗಿಸಿಬಿಡುತ್ತೇನೆ. ನಿನ್ನ ಗಾಡಿ 155 ಸಿಸಿ, 10,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) 18.6 ಪಿಎಸ್ ಶಕ್ತಿ ಕೊಡುತ್ತದೆ. 7400 ಆರ್‌ಪಿಎಂ ದಾಟಿದ ಮೇಲೆ ವಿವಿಎ, ಅಂದರೆ ವಾಲ್ವ್ ತೆರೆಯುವ ರೀತಿ ಬದಲಿಸುವ ವ್ಯವಸ್ಥೆ, ಕೆಲಸ ಶುರು ಮಾಡುತ್ತದೆ, ಆಮೇಲೆ ಎಳೆತವೇ ಬೇರೆ. ಕಂಪನಿಯವರು ಈ ಸಣ್ಣ ಇಂಜಿನ್‌ನಿಂದ ಆಗಲೇ ಚೆನ್ನಾಗಿ ಹಿಂಡಿದ್ದಾರೆ. ಸೈಲೆನ್ಸರು, ಫಿಲ್ಟರು, ಟ್ಯೂನಿಂಗ್ ಎಲ್ಲ ಮಾಡಿಸಿದರೂ ಮೇಲೆ ಸಿಗುವುದು ಅಲ್ಪ. ಸದ್ದು ಮಾತ್ರ ಜಾಸ್ತಿ ಆಗುತ್ತದೆ, ಸದ್ದು ಜಾಸ್ತಿ ಆದರೆ ಸ್ಪೀಡೂ ಜಾಸ್ತಿ ಆಯ್ತು ಅನ್ನಿಸುತ್ತದೆ. ಬಿಎಸ್6 ಗಾಡಿಯ ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಇದೆ. ಅದನ್ನೆಲ್ಲ ಕಿತ್ತು ಹಾಕಿದರೆ ಪೆಟ್ರೋಲ್-ಗಾಳಿಯ ಹದ ತಪ್ಪುತ್ತದೆ, ಮೀಟರಿನಲ್ಲಿ ಇಂಜಿನ್ ಲೈಟ್ ಉರಿಯುತ್ತದೆ. ಅದನ್ನು ಸರಿ ಮಾಡೋಕೆ ಇಸಿಯು ಟ್ಯೂನಿಂಗ್ ಅಂತ ಮತ್ತೆ ದುಡ್ಡು.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟದ್ದಕ್ಕಿಂತ ಗಾಡಿಯನ್ನು ಬೇರೆ ಮಾಡುವ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ 182ಎ ಅಂತ ಸೇರಿಸಿದ್ದಾರೆ. ನಿಯಮ ಮೀರಿ ಬದಲಾವಣೆ ಮಾಡಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಪೊಲೀಸರು ಹಿಡಿದ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹತ್ತಿಸುವ ವಿಡಿಯೋ ನೀನೂ ನೋಡಿರುತ್ತೀಯ. ಹಾಗಾಗಿ ಸೈಲೆನ್ಸರು, ಟ್ಯೂನಿಂಗ್ ಎರಡನ್ನೂ ಪಟ್ಟಿಯಿಂದ ತೆಗೆದುಹಾಕು. ನಿನ್ನ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಉಳಿಯಿತು.

ಈಗ ನನಗೆ ಇಷ್ಟವಾದ ಭಾಗ, ಕೈ ಕಾಲಿಗೆ ಸಿಗುವ ಸಾಮಾನು. ಲಿವರ್ರು, ಹ್ಯಾಂಡಲ್ಲು, ಎಕ್ಸಲೇಟರ್, ಗೇರು, ಬ್ರೇಕು. ಒಂದು ಲೆಕ್ಕ ಹೇಳುತ್ತೇನೆ ಕೇಳು. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಬ್ರೇಕ್ ಲಿವರ್ ನಿನ್ನ ಬೆರಳಿಗೆ ದೂರ ಇದ್ದು, ಹುಡುಕಿ ಹಿಡಿಯೋಕೆ ಅರ್ಧ ಸೆಕೆಂಡ್ ತಗೊಂಡರೆ, ಬ್ರೇಕ್ ಹಿಡಿಯುವ ಮುಂಚೆಯೇ 11 ಮೀಟರ್ ಹೋಗಿರುತ್ತೀಯ. ಇನ್ನೊಂದು. 80ರಿಂದ 100ಕ್ಕೆ ಏರಿದರೆ ಸ್ಪೀಡು ಕಾಲು ಭಾಗ ಮಾತ್ರ ಜಾಸ್ತಿ ಆಯ್ತು, ಆದರೆ ಬ್ರೇಕ್ ಹಿಡಿದು ನಿಲ್ಲಿಸೋಕೆ ಬೇಕಾದ ದೂರ ಒಂದೂವರೆ ಪಟ್ಟಿಗೂ ಜಾಸ್ತಿ ಆಗುತ್ತದೆ. ಅದಕ್ಕೇ ನಾನು ನಿಲ್ಲಿಸುವುದನ್ನೂ ತಿರುಗಿಸುವುದನ್ನೂ ಪರ್ಫಾರ್ಮೆನ್ಸ್ ಅಂತಲೇ ಲೆಕ್ಕ ಹಾಕುತ್ತೇನೆ. ಚಾರ್ಮಾಡಿ ಘಾಟಿ ಇಳಿಯುವಾಗ ನಿನಗೆ ಬೇಕಾಗುವುದು ಅದೇ.

ಇದರಲ್ಲಿ ಮೊದಲ ಕೆಲಸಕ್ಕೆ ಪೈಸಾ ಖರ್ಚಿಲ್ಲ. ಗಾಡಿ ಮೇಲೆ ಓಡಿಸುವ ಹಾಗೇ ಕೂತುಕೋ. ಗೆಳೆಯನಿಗೆ ಹಿಂದಿನಿಂದ ಗಾಡಿ ನೆಟ್ಟಗೆ ಹಿಡಿದುಕೊಳ್ಳೋಕೆ ಹೇಳು. ಕಣ್ಣು ಮುಚ್ಚಿ ಎರಡು ಬೆರಳು ಚಾಚು. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರಬೇಕು, ಲಿವರ್ ಆ ಗೆರೆಯಲ್ಲೇ ಸಿಗಬೇಕು. ಮಣಿಕಟ್ಟು ಮೇಲಕ್ಕೆ ಮಡಚಿಕೊಂಡರೆ ಲಿವರ್ ತುಂಬಾ ಮೇಲಿದೆ ಅಂತ ಅರ್ಥ. ಬೋಲ್ಟ್ ಸಡಿಲ ಮಾಡಿ ಸ್ವಲ್ಪ ಕೆಳಗೆ ತಿರುಗಿಸು. ಬ್ರೇಕ್ ಕಡೆಯ ಕ್ಲಾಂಪ್ ಮೇಲೆ 'ಅಪ್' (UP) ಅಂತ ಗುರುತಿದ್ದರೆ ಅದು ಮೇಲೇ ಇರಲಿ. ಬಿಗಿ ಮಾಡುವಾಗ ಮೊದಲು ಮೇಲಿನ ಬೋಲ್ಟು, ಆಮೇಲೆ ಕೆಳಗಿನದು. ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 15 ಮಿಲಿಮೀಟರ್ ಆಟ (ಕೆಲಸ ಶುರುವಾಗುವ ಮುಂಚಿನ ಸಡಿಲ) ಇರಲಿ. ಎಕ್ಸಲೇಟರ್‌ನಲ್ಲಿ 3ರಿಂದ 5 ಮಿಲಿಮೀಟರ್ ಸಾಕು. ಆಮೇಲೆ ಇಂಜಿನ್ ಚಾಲೂ ಇಟ್ಟು ಹ್ಯಾಂಡಲ್ಲನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸು. ಆರ್‌ಪಿಎಂ ಏರಿದರೆ ಎಕ್ಸಲೇಟರ್ ಕೇಬಲ್ ಎಲ್ಲೋ ಎಳೆಯುತ್ತಿದೆ, ಹಾಗೇ ಓಡಿಸಬೇಡ.

ಗೇರ್ ಲಿವರಿನ ಎತ್ತರವನ್ನೂ ನೋಡು. ಚಪ್ಪಲಿಗೆ ಹೊಂದಿಸಿದ ಗೇರು ದಪ್ಪ ಶೂಗೆ ಹೊಂದುವುದಿಲ್ಲ. ಸುಮ್ನೆ ಪಾದ ಎತ್ತಿದರೆ ಗೇರ್ ಬೀಳಬೇಕು, ಕಾಲನ್ನೇ ಎತ್ತುವ ಹಾಗಿರಬಾರದು. ಅದರ ರಾಡಿನಲ್ಲಿ ಎರಡು ನಟ್ ಇರುತ್ತವೆ, ಸಾಮಾನ್ಯವಾಗಿ ಒಂದರ ಥ್ರೆಡ್ ಉಲ್ಟಾ ಇರುತ್ತದೆ. ಗೊತ್ತಿಲ್ಲದೆ ಜೋರು ಮಾಡಿ ಹಾಳು ಮಾಡಬೇಡ. ಇದನ್ನೆಲ್ಲ ಮಾಡಿಕೊಂಡ ಮೇಲೆ ಒಂದು ರೌಂಡ್ ಹೋಗಿ ಬಾ. ಬೇರೆ ಗಾಡಿಯೇ ಅನ್ನಿಸುತ್ತದೆ.

ಇಷ್ಟಾದರೂ ಬ್ರೇಕ್ ಲಿವರ್ ಬೆರಳಿಗೆ ದೂರವೇ ಅನ್ನಿಸಿದರೆ ಅಡ್ಜಸ್ಟಬಲ್ ಲಿವರ್ ಹಾಕಿಸು, ಖಂಡಿತ ತಪ್ಪಿಲ್ಲ. ನಿನ್ನ ಕೈ ಚಿಕ್ಕದು, ನಿನಗೆ ಉಪಯೋಗ ಆಗುತ್ತದೆ. ಆದರೆ ಇಲ್ಲಿ ಎಚ್ಚರ. ಹೋದ ಮಳೆಗಾಲದಲ್ಲಿ ನಮ್ಮ ಗ್ಯಾರೇಜಿಗೆ ಒಬ್ಬ ಹುಡುಗ ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದ. ಮುಂದಿನ ಚಕ್ರ ತಿರುಗುತ್ತಲೇ ಇರಲಿಲ್ಲ, ಇಬ್ಬರು ತಳ್ಳಿದರೂ ಅಲುಗುತ್ತಿರಲಿಲ್ಲ. ಡಿಸ್ಕ್ ಹತ್ತಿರ ಕೈ ಇಡೋಕೆ ಆಗದಷ್ಟು ಬಿಸಿ. ಕ್ಯಾಲಿಪರಿನ (ಪ್ಯಾಡಿನಿಂದ ಡಿಸ್ಕ್ ಹಿಡಿಯುವ ಭಾಗ) ಬ್ಲೀಡರ್ ನಟ್ ಕೂದಲೆಳೆಯಷ್ಟು ಸಡಿಲ ಮಾಡಿದೆ, ಚಿರ್ ಅಂತ ಬ್ರೇಕ್ ಆಯಿಲ್ ಹಾರಿತು, ಚಕ್ರ ಬಿಟ್ಟುಕೊಂಡಿತು. ಲಿವರ್ ಬಿಚ್ಚಿ ಹಳೆಯದರ ಪಕ್ಕ ಇಟ್ಟು ನೋಡಿದರೆ, ಪಿಸ್ಟನ್ನನ್ನು ಒತ್ತುವ ಮೂತಿ ಹೊಸದರಲ್ಲಿ ಸ್ವಲ್ಪವೇ ಸ್ವಲ್ಪ ದಪ್ಪ. ಉಗುರಿನಷ್ಟೂ ಇಲ್ಲ.

ಆಗಿದ್ದು ಇಷ್ಟೇ. ಬ್ರೇಕ್ ಬಿಟ್ಟಾಗ ಲಿವರ್ ಪಕ್ಕದ ಮಾಸ್ಟರ್ ಸಿಲಿಂಡರಿನ (ಬ್ರೇಕ್ ಆಯಿಲ್ ತಳ್ಳುವ ಭಾಗ) ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಬೇಕು. ಬಂದರೆ ಅಲ್ಲಿರುವ ಸೂಜಿ ಮೊನೆಯಂಥ ತೂತು ತೆರೆದುಕೊಳ್ಳುತ್ತದೆ, ಬಿಸಿಗೆ ಹಿಗ್ಗಿದ ಆಯಿಲ್ ಅದರ ಮೂಲಕ ಮೇಲಿನ ಡಬ್ಬಿಗೆ ವಾಪಸ್ ಹೋಗುತ್ತದೆ. ಲಿವರ್ ಸದಾ ಸ್ವಲ್ಪ ಒತ್ತಿಕೊಂಡೇ ಇದ್ದರೆ ತೂತು ಮುಚ್ಚಿಯೇ ಇರುತ್ತದೆ. ಹಿಗ್ಗಿದ ಆಯಿಲ್‌ಗೆ ಹೋಗೋಕೆ ದಾರಿ ಇಲ್ಲ, ಪ್ಯಾಡನ್ನು ತಳ್ಳುತ್ತದೆ, ಪ್ಯಾಡು ಉಜ್ಜಿ ಇನ್ನೂ ಬಿಸಿ ಆಗುತ್ತದೆ, ಕೊನೆಗೆ ಚಕ್ರ ಹಿಡಿದುಕೊಳ್ಳುತ್ತದೆ. ಆ ಹುಡುಗನಿಗೆ ಊರೊಳಗಿನ ಟ್ರಾಫಿಕ್‌ನಲ್ಲಿ ನಿಧಾನವಾಗಿ ಹಿಡಿಯಿತು, ಬಚಾವಾದ. ಘಾಟಿಯ ತಿರುವಿನಲ್ಲಿ ಹಿಡಿದಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಮಾಡೋಕೂ ನನಗೆ ಭಯ ಆಗುತ್ತದೆ.

ಆದ್ದರಿಂದ ಹೊಸ ಲಿವರ್ ಹಾಕಿದ ಮೇಲೆ ಅದು ಪಿಸ್ಟನ್ ಮುಟ್ಟುವ ಮುಂಚೆ ಚೂರು ಆಟ ಇದೆಯಾ ಅಂತ ಬೆರಳಲ್ಲಿ ಅಲುಗಿಸಿ ನೋಡಲೇಬೇಕು. ಅಡ್ಜಸ್ಟರ್‌ನ ಪ್ರತಿ ನಂಬರಿನಲ್ಲೂ ನೋಡಬೇಕು. ಬ್ರೇಕ್ ಲೈಟ್ ಹತ್ತಿ ಆರುತ್ತದೆಯಾ, ಕ್ಲಚ್ ಕಡೆಯ ಸ್ವಿಚ್ ಕೆಲಸ ಮಾಡುತ್ತದೆಯಾ, ಅದನ್ನೂ ನೋಡು. ಲಿವರಿನ ತುದಿಯಲ್ಲಿ ಗುಂಡಗಿನ ಬಾಲ್ ಇರಲಿ. ರೇಸಿನವರು ಕೂಡ ಅದನ್ನು ಕಡ್ಡಾಯ ಮಾಡಿದ್ದಾರೆ, ಬಿದ್ದಾಗ ಮೈಗೆ ಚುಚ್ಚಬಾರದು ಅಂತ. ಮುನ್ನೂರು ರೂಪಾಯಿಗೆ ಬರುವ ಬಣ್ಣದ ಲಿವರ್ ಮುಟ್ಟಲೇಬೇಡ, ಎರಕದ ಅಲ್ಯೂಮಿನಿಯಂ ಪಟ್ ಅಂತ ಮುರಿಯುತ್ತದೆ.

ಆಮೇಲೆ ಬ್ರೇಕು. ನಿನ್ನ ಗಾಡಿಗೆ ಮುಂದೆ 282 ಎಂಎಂ ಡಿಸ್ಕ್ ಇದೆ, ಎರಡು ಚಕ್ರಕ್ಕೂ ಎಬಿಎಸ್ (ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಇದೆ. ದೊಡ್ಡ ಡಿಸ್ಕ್ ಏನೂ ಬೇಡ. ಆದರೆ ಹಳೆಯ ಮಾಲೀಕ ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದ ಅಂತ ಯಾರಿಗೂ ಗೊತ್ತಿಲ್ಲ. ಡಬ್ಬಿಯ ಗಾಜಿನಲ್ಲಿ ಕಾಫಿ ಡಿಕಾಕ್ಷನ್ ಬಣ್ಣ ಕಂಡರೆ ಅದು ಮುಗಿದಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ, ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿಯಲ್ಲಿ ಒಂದೇ ಸಮ ಬ್ರೇಕ್ ಹಿಡಿದರೆ ಒಳಗೆ ಆವಿಯ ಗುಳ್ಳೆ ಏಳುತ್ತದೆ, ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಟ್ಯಾಂಕಿನ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳಿ, ಪೇಂಟ್ ತಿನ್ನುತ್ತದೆ.

ಅದರ ಜೊತೆಗೇ ಒಳ್ಳೆಯ ಪ್ಯಾಡ್ ಹಾಕಿಸು. ಇನ್ನೂ ದುಡ್ಡು ಉಳಿದರೆ ಸ್ಟೀಲ್ ಬ್ರೇಡೆಡ್ ಬ್ರೇಕ್ ಪೈಪ್. ರಬ್ಬರ್ ಪೈಪು ಒತ್ತಡಕ್ಕೆ ಸ್ವಲ್ಪ ಉಬ್ಬುತ್ತದೆ, ಇದು ಉಬ್ಬುವುದಿಲ್ಲ, ನೀನು ಹಾಕಿದ ಬಲ ನೇರ ಪ್ಯಾಡಿಗೆ ಹೋಗುತ್ತದೆ. ಎಬಿಎಸ್ ಮಾಡೆಲ್ ಅಂತ ಹೇಳಿಯೇ ತಗೋ. ಪೈಪು ಮೊದಲು ಎಬಿಎಸ್ ಯೂನಿಟ್‌ಗೆ ಹೋಗಿ ಆಮೇಲೆ ಕ್ಯಾಲಿಪರಿಗೆ ಬರುತ್ತದೆ, ಹಳೆಯ ಮಾಡೆಲಿನ ಸೆಟ್ ಕೂರುವುದಿಲ್ಲ. ಬೋಲ್ಟಿನ ತಾಮ್ರದ ವಾಷರ್ ಪ್ರತಿ ಸಲವೂ ಹೊಸದೇ ಬೇಕು.

ಎಲ್ಲಕ್ಕಿಂತ ದೊಡ್ಡ ಅಪ್‌ಗ್ರೇಡ್ ಮಾತ್ರ ಟೈರು. ಈಗಲೇ ಎದ್ದು ಹೋಗಿ ಟೈರಿನ ಪಕ್ಕ ನೋಡು. ಡಾಟ್ (DOT) ಅಂತ ಬರೆದಿರುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 3519 ಅಂತಿದ್ದರೆ 2019ನೇ ಇಸವಿಯ 35ನೇ ವಾರದಲ್ಲಿ ತಯಾರಾಗಿದ್ದು. ಗಾಡಿ ಜೊತೆ ಬಂದ ಟೈರೇ ಇನ್ನೂ ಇದ್ದರೆ, ಮೇಲಿನ ಗುಂಡಿ (ಹಿಡಿತ ಕೊಡುವ ಉಬ್ಬು) ಎಷ್ಟೇ ಚೆನ್ನಾಗಿ ಕಂಡರೂ ಬದಲಿಸು. ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿಯುವುದಿಲ್ಲ. ಶ್ರೇಯಾ, ನಿನ್ನ ಸ್ಕೂಟಿಯದ್ದೂ ನೋಡಮ್ಮ, ಎಲ್ಲ ಗಾಡಿಗೂ ಇದೇ ಗುರುತು. ಅಳತೆ ಮಾತ್ರ ಬದಲಿಸಬೇಡ ತೇಜು. ಮುಂದೆ 100/80, ಹಿಂದೆ 140/70 ರೇಡಿಯಲ್ (ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ), ಎರಡೂ 17 ಇಂಚು. 150 ಹಾಕಿದರೆ ನೋಡೋಕೆ ದಪ್ಪ ಕಾಣುತ್ತದೆ, ಆದರೆ ಅದೇ ರಿಮ್ಮಿಗೆ ಟೈರು ಹಿಂಡಿಕೊಂಡು ಕೂತು ಗಾಡಿ ತಿರುವಿಗೆ ಬೀಳೋಕೆ ಸೋಮಾರಿ ಆಗುತ್ತದೆ. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ನೋಡು, ಮ್ಯಾನ್ಯುವಲ್‌ನಲ್ಲಿರುವಷ್ಟೇ ಹಾಕು.

ರಿಯರ್‌ಸೆಟ್ ಬೇಡ. ಅದು ಫುಟ್‌ರೆಸ್ಟನ್ನು ಹಿಂದಕ್ಕೂ ಮೇಲಕ್ಕೂ ಒಯ್ಯುತ್ತದೆ, ಟ್ರ್ಯಾಕಿನಲ್ಲಿ ಪೂರ್ತಿ ವಾಲಿದಾಗ ನೆಲಕ್ಕೆ ತಾಗಬಾರದು ಅಂತ. ರಸ್ತೆಯಲ್ಲಿ ಫುಟ್‌ರೆಸ್ಟ್ ತಾಗುವಷ್ಟು ವಾಲಿಸುವ ಕೆಲಸ ನಿನಗಿಲ್ಲ. ಹಾಸನದಿಂದ ಮೈಸೂರಿಗೆ ಹೋಗುವಷ್ಟರಲ್ಲಿ ಮಂಡಿ ನೋವು ಮಾತ್ರ ಗ್ಯಾರಂಟಿ. ಅದರ ಬದಲು ಟ್ಯಾಂಕಿನ ಎರಡು ಪಕ್ಕಕ್ಕೆ ಅಂಟಿಸುವ ರಬ್ಬರ್ ಗ್ರಿಪ್ ತಗೋ. ಮಂಡಿಯಲ್ಲಿ ಟ್ಯಾಂಕ್ ಹಿಡಿದರೆ ಮೈಭಾರ ಕೈಯಿಂದ ಇಳಿಯುತ್ತದೆ, ಹ್ಯಾಂಡಲ್ ಹಗುರ ಆಗುತ್ತದೆ. ನಿನ್ನ ಪಟ್ಟಿಯಲ್ಲಿ ಇದು ಇರಲೇ ಇಲ್ಲ, ನನಗೆ ಕೇಳಿದರೆ ರಿಯರ್‌ಸೆಟ್‌ಗಿಂತ ಇದೇ ಮೇಲು.

ಹಾಂ, ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಚೆಕ್ ಮಾಡಿಸಬೇಕು. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿದಾಗ ಮಧ್ಯದಲ್ಲಿ ಕಟಕ್ ಅಂತ ಕೂತರೆ ಬದಲಿಸಲೇಬೇಕು. ಫೋರ್ಕ್ (ಮುಂದಿನ ಶಾಕ್ ಅಬ್ಸಾರ್ಬರ್) ಆಯಿಲ್ ಕೂಡ ಹೊಸದು ಹಾಕಿಸೋಣ.

ನಿಜವಾಗಲೂ ಪಿಕಪ್ ಬೇಕೇ ಬೇಕು ಅಂದರೆ ಕಡಿಮೆ ಖರ್ಚಿನ ದಾರಿ ಸ್ಪ್ರಾಕೆಟ್, ಅಂದರೆ ಚೈನು ಕೂರುವ ಹಲ್ಲಿನ ಚಕ್ರ. ನಿನ್ನದು ಮುಂದೆ 14 ಹಲ್ಲು, ಹಿಂದೆ 48. ಮುಂದಿನದನ್ನು 13 ಮಾಡಿದರೆ ಎಳೆತ ಜಾಸ್ತಿ ಆಗುತ್ತದೆ. ಆದರೆ ಅದೇ ಸ್ಪೀಡಿಗೆ ಇಂಜಿನ್ ನೂರಕ್ಕೆ ಏಳೆಂಟು ಭಾಗ ಜಾಸ್ತಿ ಸುತ್ತುತ್ತದೆ, ಹೈವೇಯಲ್ಲಿ ಕಿರಿಕಿರಿ, ಮೈಲೇಜೂ ಇಳಿಯುತ್ತದೆ, ಚೈನು ಸಣ್ಣ ಸುತ್ತಿನಲ್ಲಿ ಮಡಚಿ ಬೇಗ ಸವೆಯುತ್ತದೆ. ನೀನು ವಾರವಾರ ಹೈವೇ ಓಡುವವನು, ನನಗೆ ಮನಸ್ಸಿಲ್ಲ. ಈಗಿರುವ ಚೈನಿಗೆ ಸರಿಯಾಗಿ ಎಣ್ಣೆ ಹಾಕಿ, ಎರಡು ಕಡೆಯ ಗುರುತೂ ಒಂದೇ ಸಮ ಬರುವ ಹಾಗೆ ಟೈಟ್ ಮಾಡಿಸು, ಸಾಕು.

ಇಷ್ಟೆಲ್ಲ ಮಾಡಿದರೂ ದುಡ್ಡು ಉಳಿಯುತ್ತದೆ. ಅದರಲ್ಲಿ ಒಳ್ಳೆಯ ಗ್ಲೌಸ್, ಶೂ ತಗೋ. ಇನ್ನೂ ಉಳಿದದ್ದನ್ನು ಟ್ರ್ಯಾಕ್ ಟ್ರೈನಿಂಗ್‌ಗೆ ಇಟ್ಟುಕೋ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಇದೆ, 2.1 ಕಿಲೋಮೀಟರಿನ ಸಣ್ಣ ಟ್ರ್ಯಾಕು, ನಿನ್ನ ಗಾಡಿಗೆ ಹೇಳಿ ಮಾಡಿಸಿದ ಹಾಗಿದೆ. ಚೆನ್ನೈ ಹತ್ತಿರ ಇರುಂಗಾಟುಕೋಟೆಯದ್ದು ಇನ್ನೂ ದೊಡ್ಡದು. ಒನ್ ಮೇಕ್ ರೇಸಿನಲ್ಲಿ ಎಲ್ಲರಿಗೂ ಒಂದೇ ಗಾಡಿ ಕೊಡುತ್ತಾರೆ, ಆದರೂ ಮೊದಲನೆಯವನಿಗೂ ಕೊನೆಯವನಿಗೂ ಎಷ್ಟೋ ಸೆಕೆಂಡ್ ವ್ಯತ್ಯಾಸ ಬರುತ್ತದೆ. ಭಾವ, ಟ್ರ್ಯಾಕ್ ಅಂದ ತಕ್ಷಣ ಬೇಡ ಅನ್ನಬೇಡಿ. ಅಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ, ಹೇಳಿಕೊಡುವವರು ಇರುತ್ತಾರೆ, ಆಂಬುಲೆನ್ಸ್ ನಿಂತಿರುತ್ತದೆ. ಚಾರ್ಮಾಡಿಯಲ್ಲಿ ಕಲಿಯುವುದಕ್ಕಿಂತ ಅಲ್ಲಿ ಕಲಿಯಲಿ.

ತೇಜು, ಲಿವರ್ ಆರ್ಡರ್ ಮಾಡುವ ಮುಂಚೆ ನನಗೆ ಲಿಂಕ್ ಕಳಿಸು. ಇವತ್ತೇ ಎರಡೂ ಟೈರಿನ ಆ ನಾಲ್ಕು ಅಂಕಿಯ ಫೋಟೋ, ಬ್ರೇಕ್ ಆಯಿಲ್ ಡಬ್ಬಿಯ ಒಂದು ಫೋಟೋ ಗ್ರೂಪಿಗೆ ಹಾಕು. ಭಾನುವಾರ ಗ್ಯಾರೇಜ್ ರಜೆ, ಬೆಳಿಗ್ಗೆ ಬೇಗ ಗಾಡಿ ತಗೊಂಡು ಬಾ, ಮ್ಯಾನ್ಯುವಲ್ ಮರೀಬೇಡ. ಆಯಿಲ್, ವಾಷರ್ ನಾನು ತರಿಸಿಟ್ಟಿರುತ್ತೇನೆ.