ಮೂರು ಸೆನ್ಸರ್, ಒಂದೇ ಅಲರ್ಟ್ ಲೈನ್: ಡ್ರೈವರ್ ಬರೆದವರು ಅನುಭವ ಹೇಳಿ

ಬೋರ್ಡ್ ಹೊಸಬ:
ಎಲ್ಲರಿಗೂ ನಮಸ್ಕಾರ. ನಮ್ಮ ಬೋರ್ಡ್‌ನಲ್ಲಿ ಒಂದೇ ಐಟೂಸಿ ಬಸ್ (ಚಿಪ್‌ಗಳು ಮಾತಾಡುವ ಎರಡು ತಂತಿ) ಮೇಲೆ ಮೂರು ಟೆಂಪರೇಚರ್ ಸೆನ್ಸರ್ ಇವೆ. ಎರಡು ಎಲ್‌ಎಂ90 ಜಾತಿಯವು, ಒಂದು ಟಿಎಂಪಿ75. ಮೂರರ ಅಲರ್ಟ್ ಪಿನ್ನೂ (ಬಿಸಿ ಮಿತಿ ಮೀರಿದರೆ ಕೂಗುವ ಪಿನ್) ಕೂಡಿಸಿ ಪ್ರೊಸೆಸರ್‌ನ ಒಂದೇ ಜಿಪಿಐಒ ಪಿನ್‌ಗೆ ಕೊಟ್ಟಿದ್ದಾರೆ. ಲಿನಕ್ಸ್. ಹೀಟ್ ಗನ್ ಹಿಡಿದರೆ ಮೊದಲ ಅಲರ್ಟ್ ಸರಿಯಾಗಿ ಬರುತ್ತದೆ. ಆಮೇಲೆ ಇಂಟರಪ್ಟ್ (ಪ್ರೊಸೆಸರನ್ನು ತಡೆದು ಕರೆಯುವ ಸಂಕೇತ) ನಿಲ್ಲುವುದೇ ಇಲ್ಲ, ಒಂದು ಕೋರ್ ಪೂರ್ತಿ ಅದಕ್ಕೇ ಹೋಗುತ್ತದೆ. ನನ್ನ ಡ್ರೈವರ್‌ನಲ್ಲೇ ಐಆರ್‌ಕ್ಯೂ (ಇಂಟರಪ್ಟ್ ಲೈನ್) ತೆಗೆದುಕೊಳ್ಳಲಾ, ಕರ್ನಲ್‌ನ ಎಸ್‌ಎಂಬಸ್ (ಐಟೂಸಿ ಆಧಾರದ ಬಸ್) ಅಲರ್ಟ್ ಕೋಡ್‌ಗೆ ಬಿಡಲಾ, ಇಲ್ಲ ಸುಮ್ನೆ ಪೋಲ್ ಮಾಡಲಾ, ಅಂದರೆ ಆಗಾಗ ನಾನೇ ಓದಿ ನೋಡಲಾ? ಮಾಡಿ ನೋಡಿದವರು ಹೇಳಿ.

ಹಳೇ ಕರ್ನಲ್:
ಕರ್ನಲ್ ಕೋಡ್‌ಗೇ ಬಿಡಿ. ಅದು 2010ರಿಂದ ಮೇನ್‌ಲೈನ್‌ನಲ್ಲಿದೆ, ಅಂದರೆ ಮೂಲ ಲಿನಕ್ಸ್ ಕರ್ನಲ್‌ನಲ್ಲೇ. ಆದರೂ ಪ್ರತಿ ಪ್ರಾಜೆಕ್ಟ್‌ನಲ್ಲೂ ಯಾರಾದರೊಬ್ಬರು ಅದನ್ನೇ ಹೊಸದಾಗಿ ಬರೆಯಲು ಕೂರುತ್ತಾರೆ.

ನಮ್ಮಲ್ಲಿ ಆಗಿದ್ದು ಕೇಳಿ. ನನಗಿಂತ ಮುಂಚೆ ಇದ್ದ ಟೀಮ್ ನಾಲ್ಕು ಸೆನ್ಸರ್‌ಗೆ ನಾಲ್ಕು ಡ್ರೈವರ್ ಬರೆದು, ನಾಲ್ಕಕ್ಕೂ ಒಂದೇ ಐಆರ್‌ಕ್ಯೂ ಹಂಚಿತ್ತು. ಒಬ್ಬ ಪುಣ್ಯಾತ್ಮ ಹಾರ್ಡ್ ಇಂಟರಪ್ಟ್ ಹ್ಯಾಂಡ್ಲರ್ ಒಳಗಿಂದಲೇ ಸ್ಟೇಟಸ್ ರಿಜಿಸ್ಟರ್ ಓದಲು ಹೋಗಿದ್ದ. ಅಲ್ಲಿ ಕಾಯುವ ಹಾಗಿಲ್ಲ, ಐಟೂಸಿ ಓದಿಗೆ ಕಾಯಲೇಬೇಕು. ಲಾಗ್ ತುಂಬ ‘ಶೆಡ್ಯೂಲಿಂಗ್ ವೈಲ್ ಅಟಾಮಿಕ್’. ಅದನ್ನು ತೆಗೆದು ವರ್ಕ್‌ಕ್ಯೂಗೆ (ಆಮೇಲೆ ಓಡುವ ಕೆಲಸಗಳ ಸಾಲು) ಹಾಕಿದರು. ಲೈನ್ ಲೆವೆಲ್ ಟ್ರಿಗರ್ (ಲೈನ್ ಕೆಳಗಿರುವಷ್ಟು ಹೊತ್ತೂ ಇಂಟರಪ್ಟ್), ಆದರೆ ವರ್ಕ್ ಓಡುವ ತನಕ ಐಆರ್‌ಕ್ಯೂ ಮಾಸ್ಕ್ ಮಾಡಬೇಕು, ಅಂದರೆ ತಡೆದಿಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಹ್ಯಾಂಡ್ಲರ್ ಹೊರಬಂದ ಕ್ಷಣವೇ ಮತ್ತೆ ಇಂಟರಪ್ಟ್. ಮೇಲಾಗಿ ನಾಲ್ಕೂ ಹ್ಯಾಂಡ್ಲರ್‌ಗಳು ‘ಇದು ನನ್ನದಲ್ಲ’ ಎಂದೇ ಹೇಳುತ್ತಿದ್ದವು. ಕರ್ನಲ್ ಇದರ ಲೆಕ್ಕ ಇಡುತ್ತದೆ. ಒಂದು ಲಕ್ಷ ಇಂಟರಪ್ಟ್‌ನಲ್ಲಿ 99,900ಕ್ಕಿಂತ ಜಾಸ್ತಿಗೆ ವಾರಸುದಾರರಿಲ್ಲದಿದ್ದರೆ ‘ನೋಬಡಿ ಕೇರ್ಡ್’ ಅಂತ ಬರೆದು ಆ ಐಆರ್‌ಕ್ಯೂವನ್ನೇ ಬಂದ್ ಮಾಡುತ್ತದೆ. ಅಲ್ಲಿಂದ ಬೋರ್ಡ್ ಶಾಂತ, ಮ್ಯಾನೇಜರ್‌ಗೆ ಖುಷಿ, ರಿಲೀಸ್ ಆಯಿತು. ಅಲರ್ಟ್ ಸತ್ತಿದೆ ಅಂತ ಗೊತ್ತಾಗಿದ್ದು ಗ್ರಾಹಕರ ರ‍್ಯಾಕ್‌ನಲ್ಲಿ ಫ್ಯಾನ್ ನಿಂತಾಗ.

ನಾನು ಎಲ್ಲ ಕಿತ್ತು ಹಾಕಿದೆ. ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನ ಹಾರ್ಡ್‌ವೇರ್ ವಿವರ) ಇಂಟರಪ್ಟನ್ನು ಬಸ್ ನೋಡ್‌ಗೇ ಕೊಟ್ಟೆ. ಥ್ರೆಡೆಡ್ ಹ್ಯಾಂಡ್ಲರ್, ಒನ್‌ಶಾಟ್, ಹೆಕ್ಸ್ 0ಸಿ ಓದುವುದು (‘ಕೂಗಿದ್ದು ಯಾರು’ ಅಂತ ಕೇಳುವ ವಿಳಾಸ, ಕೂಗಿದ ಚಿಪ್ ತನ್ನ ವಿಳಾಸ ಹೇಳುತ್ತದೆ), ಎಲ್ಲ ಕರ್ನಲ್ ಕೋಡೇ ನೋಡಿಕೊಳ್ಳುತ್ತದೆ. ಡ್ರೈವರ್‌ನಲ್ಲಿ ಉಳಿದಿದ್ದು ಒಂದು ಅಲರ್ಟ್ ಕಾಲ್‌ಬ್ಯಾಕ್, ಅಲರ್ಟ್ ಬಂದಾಗ ಕರ್ನಲ್ ಕರೆಯುವ ಫಂಕ್ಷನ್. ಎಲ್‌ಎಂ90 ಡ್ರೈವರ್ ಕೂತು ಓದಿ, ಎಲ್ಲ ಅಲ್ಲೇ ಇದೆ.

ಸ್ಕೋಪ್ ಸ್ವಾಮಿ:
ಹಳೇ ಕರ್ನಲ್ ಸರ್ ಹೇಳಿದ್ದು ಕಾಗದದ ಮೇಲೆ ಚೆಂದ. ಚಿಪ್ ಮಾಡುವವರು ಸ್ಪೆಕ್ ಓದಿರಬೇಕಲ್ಲ?

ನನ್ನ ಬೋರ್ಡ್‌ನಲ್ಲಿ ಎರಡು ಸೆನ್ಸರ್. ಒಂದರ ವಿಳಾಸ ಹೆಕ್ಸ್ 4ಸಿ, ಇನ್ನೊಂದು 18. ಒಂದೊಂದಾಗಿ ಬಿಸಿ ಮಾಡಿದರೆ ಎಲ್ಲ ಸರಿ. ಎರಡನ್ನೂ ಒಟ್ಟಿಗೆ ಬಿಸಿ ಮಾಡಿದರೆ 0ಸಿಯಿಂದ ಬರುವ ಉತ್ತರ 08. ಆ ವಿಳಾಸದಲ್ಲಿ ಚಿಪ್ಪೇ ಇಲ್ಲ! ಸಾಫ್ಟ್‌ವೇರ್ ಟೀಮ್ ದಿನಗಟ್ಟಲೆ ಅಡಾಪ್ಟರ್ ಡ್ರೈವರ್‌ನಲ್ಲಿ ತಡಕಾಡಿತು. ಯಾರೂ ಪ್ರೋಬ್ ಕೈಗೆ ಎತ್ತಲಿಲ್ಲ. ನಾನು ಸ್ಕೋಪ್ ಹಾಕಿದೆ. ಎರಡೂ ಚಿಪ್ ಒಟ್ಟಿಗೆ ಮಾತಾಡುತ್ತಿವೆ. ಆರ್ಬಿಟ್ರೇಶನ್‌ನಲ್ಲಿ (ಒಟ್ಟಿಗೆ ಮಾತಾಡಿದರೆ ಚಿಕ್ಕ ವಿಳಾಸಕ್ಕೆ ಗೆಲುವು) ಸೋತ 4ಸಿ ಬಾಯಿ ಮುಚ್ಚಬೇಕಿತ್ತು, ಮುಚ್ಚುತ್ತಿಲ್ಲ. ಓಪನ್ ಡ್ರೈನ್ ಬಸ್ ಅಲ್ವಾ, ಒಬ್ಬ ಸೊನ್ನೆಗೆ ಎಳೆದರೂ ಲೈನ್ ಸೊನ್ನೆ, ಇಬ್ಬರ ಬಿಟ್‌ಗಳೂ ಆಂಡ್ ಆಗುತ್ತವೆ. 4ಸಿ ಅಂದರೆ 1001100. 18 ಅಂದರೆ 0011000. ಆಂಡ್ ಮಾಡಿ ನೋಡಿ, 0001000. ಅದೇ 08. ಕರ್ನಲ್ 08ಕ್ಕೆ ಡ್ರೈವರ್ ಹುಡುಕುತ್ತದೆ, ಸಿಗುವುದಿಲ್ಲ, ಲೈನ್ ಕೆಳಗೇ ಇದೆ, ಮತ್ತೆ ಇಂಟರಪ್ಟ್.

ಕೊನೆಗೆ ಬೋರ್ಡ್ ರೀಸ್ಪಿನ್, ಅಂದರೆ ಡಿಸೈನ್ ತಿದ್ದಿ ಹೊಸ ಬೋರ್ಡ್. ಪ್ರತಿ ಅಲರ್ಟ್‌ಗೂ ಬೇರೆ ಲೈನ್, ಬೇರೆ ಜಿಪಿಐಒ, ಹೊರಗೆ ಲೈನ್ ಮೇಲಕ್ಕೆ ಎಳೆಯುವ 4.7 ಕಿಲೋ ಓಮ್ ಪುಲ್‌ಅಪ್ ರೆಸಿಸ್ಟರ್. ಫ್ಯಾಬ್‌ಗೆ ಕೊಟ್ಟಿದ್ದು, ಅಸೆಂಬ್ಲಿ, ಹೊಸ ಸ್ಟೆನ್ಸಿಲ್, ಕೆಲಸಕ್ಕೆ ಬಾರದ ಹಳೆ ಬೋರ್ಡ್‌ಗಳು. ಎಲ್ಲ ಸೇರಿ ನಮ್ಮಂಥ ಸಣ್ಣ ಕಂಪನಿಗೆ ಆ ವರ್ಷದ ಲಾಭವೇ ಹೋಯಿತು. ಎಸ್‌ಪಿ ರಸ್ತೆಯಲ್ಲಿ ಚಿಲ್ಲರೆಗೆ ಸಿಗುವ ರೆಸಿಸ್ಟರ್ ಉಳಿಸಲು ಜಿಪಿಐಒ ಒಳಗಿನ ಪುಲ್‌ಅಪ್ ನಂಬಿದ್ದರು ಬೇರೆ.

ಹಳೇ ಕರ್ನಲ್:
ಸ್ವಾಮಿ ಅವರೇ, ನಿಮ್ಮ ಈ ಕಾಯಿಲೆಗೆ ಮದ್ದು 2024ರಲ್ಲೇ ಮೇನ್‌ಲೈನ್‌ಗೆ ಬಂದಿದೆ. ಉತ್ತರ ಕೊಟ್ಟ ವಿಳಾಸದಲ್ಲಿ ಯಾರೂ ಸಿಗದಿದ್ದರೆ, ಅಥವಾ ಅಲರ್ಟ್ ಅಲ್ಲೇ ಸಿಕ್ಕಿಕೊಂಡರೆ, ಬಸ್ ಮೇಲಿರುವ ಎಲ್ಲ ಡ್ರೈವರ್‌ಗಳ ಅಲರ್ಟ್ ಕಾಲ್‌ಬ್ಯಾಕನ್ನೂ ಕರೆಯುತ್ತದೆ. ಎರಡು ಪ್ಯಾಚ್ ನಿಮ್ಮ ಕರ್ನಲ್‌ಗೆ ಬ್ಯಾಕ್‌ಪೋರ್ಟ್ ಮಾಡಿದ್ದರೆ ಬೋರ್ಡ್ ಉಳಿಯುತ್ತಿತ್ತು.

ಸ್ಕೋಪ್ ಸ್ವಾಮಿ:
ನಮ್ಮ ರೀಸ್ಪಿನ್ ಅದಕ್ಕಿಂತ ಮುಂಚಿನದು. ವೆಂಡರ್ ಕೊಟ್ಟಿದ್ದು 5.4 ಕರ್ನಲ್. ಮುಟ್ಟಿದರೆ ಸಪೋರ್ಟ್ ಇಲ್ಲ ಎನ್ನುತ್ತಾರೆ.

ಹಳೇ ಕರ್ನಲ್:
5.4 ಬಂದಿದ್ದು 2019ರಲ್ಲಿ. ವೆಂಡರ್ ಕರ್ನಲ್ ಕಟ್ಟಿಕೊಂಡು ಮೇನ್‌ಲೈನ್ ಕೆಟ್ಟದು ಅನ್ನಬೇಡಿ.

ಪೋಲಿಂಗ್ ಪಕ್ಷ:
ನಿಮ್ಮಿಬ್ಬರ ಜಗಳದ ನಡುವೆ ಒಂದು ಮಾತು. ಉಷ್ಣಾಂಶಕ್ಕೆ ಇಂಟರಪ್ಟ್ ಯಾಕ್ರೀ ಬೇಕು?

ನಾನು ಅಲರ್ಟ್ ಪೂರ್ತಿ ಮಾಸ್ಕ್ ಮಾಡಿ ಸೆಕೆಂಡಿಗೊಮ್ಮೆ ಓದುತ್ತೇನೆ. ಹೀಟ್‌ಸಿಂಕ್ ಸೆಕೆಂಡಿನಲ್ಲಿ ಸುಟ್ಟು ಹೋಗಲ್ಲ. ನಿಜವಾದ ಅಪಾಯಕ್ಕೆ ಎಲ್‌ಎಂ90 ಜಾತಿಯ ಎಷ್ಟೋ ಚಿಪ್‌ಗಳಲ್ಲಿ ಥರ್ಮ್ ಪಿನ್ ಬೇರೆಯೇ ಇರುತ್ತದೆ. ಅದನ್ನು ನೇರ ಪವರ್ ಕಟ್ ಮಾಡುವ ಸರ್ಕ್ಯೂಟ್‌ಗೆ ಕೊಟ್ಟಿದ್ದೇನೆ, ಕರ್ನಲ್ ಸತ್ತರೂ ಕೆಲಸ ಮಾಡುತ್ತದೆ. ರಿವ್ಯೂನಲ್ಲಿ ನನ್ನನ್ನು ನೋಡಿ ನಕ್ಕರು. ‘ಮೇಡಂ, ಇದು ಕಾಲೇಜು ಪ್ರಾಜೆಕ್ಟಾ’ ಅಂದರು. ಪ್ರಮೋಷನ್ ಅಲರ್ಟ್ ಕೋಡ್ ಬರೆದವನಿಗೆ ಹೋಯಿತು. ಅವನ ಕೋಡ್ ಮೂರನೇ ರಿಲೀಸ್‌ನಲ್ಲಿ ತೆಗೆದರು. ನನ್ನದು ಇವತ್ತಿಗೂ ಫೀಲ್ಡ್‌ನಲ್ಲಿದೆ. ಇದಕ್ಕಿಂತ ಜಾಸ್ತಿ ಹೇಳಲ್ಲ.

ಹಳೇ ಕರ್ನಲ್:
ಮೇಡಂ, ಸೆಕೆಂಡಿಗೊಮ್ಮೆ ಬಸ್ ಎಬ್ಬಿಸಿದರೆ ಬ್ಯಾಟರಿ ಬೋರ್ಡ್‌ನಲ್ಲಿ ಏನಾಗುತ್ತದೆ?

ಪೋಲಿಂಗ್ ಪಕ್ಷ:
ನನ್ನದು ರ‍್ಯಾಕ್‌ನಲ್ಲಿರುವ ಬೋರ್ಡ್ ಸರ್. ಬ್ಯಾಟರಿ ಇಲ್ಲ. ಪ್ರಶ್ನೆ ಕೇಳಿದವರೂ ಬ್ಯಾಟರಿ ಅಂದಿಲ್ಲ.

ಪವರ್ ಸಪ್ಲೈ ಪಾಡು:
ಸೆನ್ಸರ್‌ನವರು ಪುಣ್ಯವಂತರು, ಪೋಲ್ ಮಾಡಬಹುದು. ನಮ್ಮದು ಪಿಎಂಬಸ್, ಪವರ್ ಸಪ್ಲೈ ಚಿಪ್‌ಗಳ ಬಸ್. ಓವರ್ ಕರೆಂಟ್ ಆದರೆ ಸೆಕೆಂಡ್ ಕಾಯುವ ಹಾಗಿಲ್ಲ, ಅಲರ್ಟ್ ಬೇಕೇ ಬೇಕು.

ಸ್ಟೇಟಸ್ ಬಿಟ್‌ಗಳು ಲ್ಯಾಚ್ ಆಗುತ್ತವೆ. ಹೆಕ್ಸ್ 03, ಅಂದರೆ ಕ್ಲಿಯರ್ ಫಾಲ್ಟ್ಸ್ ಕಳಿಸಿದರೆ ಹೋಗುತ್ತವೆ. ಫಾಲ್ಟ್ ಇನ್ನೂ ಇದ್ದರೆ ಅದೇ ಕ್ಷಣ ವಾಪಸ್. ನಮ್ಮ ಹ್ಯಾಂಡ್ಲರ್ ಕ್ಲಿಯರ್ ಮಾಡುತ್ತಿತ್ತು, ಚಿಪ್ ಮತ್ತೆ ಎಳೆಯುತ್ತಿತ್ತು. ಇಡೀ ಬಸ್ ಇದರಲ್ಲೇ ತುಂಬಿಹೋಯಿತು. ಅದರ ಮೇಲೆ ಪೇಜ್ ಕಾಟ. ಎರಡು ಔಟ್‌ಪುಟ್ ಇರುವ ಚಿಪ್, ಒಂದೊಂದಕ್ಕೂ ಒಂದು ಪೇಜ್. ಪೇಜ್ 0 ಕ್ಲಿಯರ್ ಆಗುತ್ತಿತ್ತು, ಫಾಲ್ಟ್ ಕೂತಿದ್ದು ಪೇಜ್ 1ರಲ್ಲಿ. ಇದೆಲ್ಲ ಲ್ಯಾಬ್‌ನಲ್ಲಿ ಕಾಣಲ್ಲ. ಲೋಡ್ ಬ್ಯಾಂಕ್ ಬಾಡಿಗೆಗೆ ತರಿಸಿ, ಅದರ ಕೇಬಲ್ ಸರಿ ಹೊಂದದೆ ಇನ್ನೊಂದು ಕೇಬಲ್ ತರಿಸಿ, ಜಿಎಸ್‌ಟಿ ಸೇರಿಸಿ ಬಿಲ್ ನೋಡಿದಾಗ ಫೈನಾನ್ಸ್‌ನವರು ನನ್ನ ಹೆಸರು ಕೇಳಿದರೆ ಉರಿದು ಬೀಳುವ ಹಾಗಾಯಿತು.

ಮಕ್ಸ್ (ಒಂದು ಬಸ್ಸನ್ನು ಹಲವು ಚಾನೆಲ್ ಮಾಡುವ ಚಿಪ್) ಇದ್ದರೆ ಕಥೆಯೇ ಬೇರೆ. ಪಿಸಿಎ9548 ಹಿಂದೆ ಚಿಪ್ ಕೂತಿದ್ದರೆ, ಆ ಚಾನೆಲ್ ತೆರೆದಿಲ್ಲದಿದ್ದರೆ, ನೀವು ಕಳಿಸಿದ 0ಸಿ ಅದನ್ನು ಮುಟ್ಟುವುದೇ ಇಲ್ಲ. 9548ರಲ್ಲಿ ಇಂಟರಪ್ಟ್ ಪಿನ್ನೂ ಇಲ್ಲ. 9544ರಲ್ಲಿ ಇದೆ.

ಫಾಲಿಂಗ್ ಎಡ್ಜ್:
ಇಷ್ಟೆಲ್ಲ ಯಾಕೆ? ಎಡ್ಜ್ ಟ್ರಿಗರ್ ಹಾಕಿ, ಲೈನ್ ಕೆಳಗೆ ಬೀಳುವ ಕ್ಷಣಕ್ಕೆ ಮಾತ್ರ ಇಂಟರಪ್ಟ್. ಸ್ಟಾರ್ಮ್ (ಇಂಟರಪ್ಟ್ ಸುರಿಮಳೆ) ಬರಲ್ಲ. ನನ್ನ ಬೋರ್ಡ್ ಆರಾಮಾಗಿ ಓಡುತ್ತಿದೆ.

ಸ್ಕೋಪ್ ಸ್ವಾಮಿ:
ಗುರುವೇ, ಒಬ್ಬ ಬೆಲ್ ಒತ್ತಿ ಹಿಡಿದು ನಿಂತಿದ್ದರೆ ಎರಡನೆಯವನು ಒತ್ತಿದ್ದು ಒಳಗಿನವರಿಗೆ ಕೇಳುತ್ತದಾ? ಮೊದಲ ಚಿಪ್ ಲೈನ್ ಕೆಳಗೆ ಎಳೆದಾಗಿದೆ. ಎರಡನೆಯದು ಎಳೆದರೆ ಎಡ್ಜ್ ಎಲ್ಲಿಂದ ಬರಬೇಕು? ನಿಮ್ಮ ಬೋರ್ಡ್ ಆರಾಮಾಗಿಲ್ಲ, ಕಿವುಡಾಗಿದೆ.

ಹಳೇ ಕರ್ನಲ್:
ಈ ಒಂದು ವಿಷಯದಲ್ಲಿ ಸ್ವಾಮಿ ಹೇಳಿದ್ದು ಸರಿ.

ಫಾಲಿಂಗ್ ಎಡ್ಜ್:
ನನ್ನ ಲೈನ್‌ನಲ್ಲಿ ಇರುವುದು ಒಂದೇ ಚಿಪ್. ಪೂರ್ತಿ ಕೇಳದೆ ಕಿವುಡು ಅಂತೀರಾ?

ಸ್ಕೋಪ್ ಸ್ವಾಮಿ:
ಹಾಗಿದ್ದರೆ ‘ಮೂರು ಸೆನ್ಸರ್’ ಅಂತ ಹೆಸರಿಟ್ಟ ಕಡೆ ಬಂದು ಯಾಕೆ ಸಲಹೆ ಕೊಟ್ಟಿರಿ?

ಬೋರ್ಡ್ ಹೊಸಬ:
ಎಲ್ಲರಿಗೂ ಥ್ಯಾಂಕ್ಸ್. ಟಿಎಂಪಿ75ರ ಅಲರ್ಟ್ ಪಿನ್ ಲೈನ್‌ನಿಂದ ಬಿಡಿಸಿ ನೋಡಿದೆ. ಸ್ಟಾರ್ಮ್ ಅರ್ಧ ಕಮ್ಮಿಯಾಯಿತು, ಪೂರ್ತಿ ಹೋಗಿಲ್ಲ.

ಪೋಲಿಂಗ್ ಪಕ್ಷ:
ಪವರ್ ಆನ್ ಆದಾಗ ಟಿಎಂಪಿ75 ಕಂಪ್ಯಾರಟರ್ ಮೋಡ್‌ನಲ್ಲಿರುತ್ತದೆ. ಬಿಸಿ ಕೆಳಗಿನ ಮಿತಿಗೆ ಇಳಿಯುವ ತನಕ ಪಿನ್ ಬಿಡಲ್ಲ, ನೀವು ಏನು ಓದಿದರೂ ಅಷ್ಟೇ. ಅಲರ್ಟ್ ಲೈನ್‌ಗೆ ಸೇರಿಸುವುದಾದರೆ ಕಾನ್ಫಿಗ್ ರಿಜಿಸ್ಟರ್‌ನಲ್ಲಿ ಇಂಟರಪ್ಟ್ ಮೋಡ್ ಬಿಟ್ ಹಾಕಲೇಬೇಕು.

ಹಳೇ ಕರ್ನಲ್:
ಉಳಿದ ಅರ್ಧ ಎಲ್‌ಎಂ90ಗಳದ್ದು. ಆ ಜಾತಿಯ ಕೆಲವು ಚಿಪ್‌ಗಳು 0ಸಿಗೆ ಉತ್ತರ ಕೊಟ್ಟ ಮೇಲೂ ಲೈನ್ ಬಿಡಲ್ಲ. ಅಂಥವಕ್ಕೆ ಮೇನ್‌ಲೈನ್ ಡ್ರೈವರ್‌ನಲ್ಲಿ ಬೇರೆ ಫ್ಲ್ಯಾಗೇ ಇದೆ. ಅಲರ್ಟ್ ಬಂದ ಕೂಡಲೇ ಕಾನ್ಫಿಗ್‌ನ 7ನೇ ಬಿಟ್ ಹಾಕಿ ಚಿಪ್ಪಿನ ಬಾಯಿ ಮುಚ್ಚುತ್ತದೆ, ಅಲಾರ್ಮ್ ಹೋದ ಮೇಲೆ ಮತ್ತೆ ಬಿಡುತ್ತದೆ. ಸ್ವಂತ ಡ್ರೈವರ್‌ನಲ್ಲೇ ಮಾಡುತ್ತೀರಾದರೆ ನೆನಪಿಡಿ, ಆ ರಿಜಿಸ್ಟರ್ ಓದುವುದು 03ರಲ್ಲಿ, ಬರೆಯುವುದು 09ರಲ್ಲಿ. ನಿಮ್ಮದು ಯಾವ ಕರ್ನಲ್?

ಬೋರ್ಡ್ ಹೊಸಬ:
ವೆಂಡರ್ ಕೊಟ್ಟಿದ್ದು ಸರ್. 5.4.

ಸ್ಕೋಪ್ ಸ್ವಾಮಿ:
ಈಗ ಹೇಳಿ ಹಳೇ ಕರ್ನಲ್ ಸರ್. ಇವರಿಗೂ ಮೇನ್‌ಲೈನ್‌ಗೆ ಹೋಗಿ ಅಂತೀರಾ?

ಹಳೇ ಕರ್ನಲ್:
ಅಂತೀನಿ. ನೀವು ಅವರಿಗೆ ಬೋರ್ಡ್ ರೀಸ್ಪಿನ್ ಮಾಡಿಸುವುದಕ್ಕಿಂತ ಅಗ್ಗ.

ಪವರ್ ಸಪ್ಲೈ ಪಾಡು:
ಯಾರಾದರೂ ಪೇಜ್ 1ರ ವಿಷಯ ಹೇಳ್ತೀರಾ?