ಪುಟ್ಟಿ, ಆ ಬ್ಲೈಂಡ್ಸ್ ದಾರದ ವಿಷಯ, ದೊಡ್ಡಮ್ಮ ಹೇಳುವುದು ಪೂರ್ತಿ ಕೇಳು

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡಲು ನನ್ನ ಕಣ್ಣು ಕೇಳುವುದಿಲ್ಲ. ನಾನು ಹೇಳುತ್ತಾ ಹೋಗುತ್ತೇನೆ, ಫೋನೇ ಬರೆದುಕೊಳ್ಳುತ್ತದೆ. ಅಕ್ಷರ ಹೆಚ್ಚು ಕಡಿಮೆ ಆದರೆ ನಗಬೇಡಿ.

ಕೆನಡಾದ ಮಿಸಿಸಾಗಾದ ಹೊಸ ಬಾಡಿಗೆ ಮನೆಯಲ್ಲಿ ಹಳೇ ಬ್ಲೈಂಡ್ಸ್ ಇದೆ, ದಾರ ಎಳೆದು ಏರಿಸಿ ಇಳಿಸುವ ಕಿಟಕಿ ಪರದೆ, ಆ ದಾರ ನೆಲದ ತನಕ ನೇತಾಡುತ್ತದೆ, ನಿನ್ನ ಮಗು ಚಿನ್ನು ಅದನ್ನೇ ಹಿಡಿದು ಎಳೆದಾಡುತ್ತಾಳೆ. ಓನರನ್ನು ಕೇಳಿದರೆ "ಕಾನೂನು 2022ರಲ್ಲೇ ಬಂದಿದೆ, ತೊಂದರೆ ಇಲ್ಲ" ಅಂದರು. ನಾನು ಸುಮ್ನೆ ಹೆದರುತ್ತಿದ್ದೇನಾ ಅಂತ ತಾನೇ ನೀನು ಕೇಳಿದ್ದು? ಇಲ್ಲ ಕಣೇ. ಸುಮ್ನೆ ಅಲ್ಲ. ನಮ್ಮ ಗುಂಡನ ಕಥೆ ನಿನಗೆ ಗೊತ್ತಲ್ಲ? ನಿನ್ನ ಅಮ್ಮನಿಗೆ ಗೊತ್ತು. ನಿನಗೆ ಆಗ ಪರೀಕ್ಷೆ ಇತ್ತು, ಹೇಳುವುದು ಬೇಡ ಅಂತ ಬಿಟ್ಟಿದ್ದರೋ ಏನೋ.

2009. ದೊಡ್ಡವಳು ಆಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಇದ್ದಳು. ಬಾಣಂತನ ಮುಗಿಸಿ ಬಂದವಳು ಚಳಿಗಾಲಕ್ಕೆ ಮತ್ತೆ ಹೋಗಿದ್ದೆ. ಗುಂಡನಿಗೆ ಒಂದೂವರೆ ವರ್ಷ. ಅವನು ಮಲಗುವ ಕ್ರಿಬ್ಬನ್ನು, ಅದೇ ಸುತ್ತ ಕಂಬಿ ಇರುವ ಮಕ್ಕಳ ಮಂಚ, ಕಿಟಕಿಗೆ ಒತ್ತಿ ಹಾಕಿದ್ದರು, ಕೋಣೆ ಅಷ್ಟೇ ಇದ್ದದ್ದು. ಕಿಟಕಿಗೆ ಬಟ್ಟೆಯ ಬ್ಲೈಂಡ್, ಎಳೆದರೆ ಮಡಿಕೆ ಮಡಿಕೆಯಾಗಿ ಮೇಲೆ ಹೋಗುತ್ತದಲ್ಲ, ರೋಮನ್ ಶೇಡ್ ಅನ್ನುತ್ತಾರೆ, ಅದು. ಮುಂದಿನಿಂದ ನೋಡಿದರೆ ದಾರವೇ ಕಾಣುವುದಿಲ್ಲ. ಬಲು ಚೆನ್ನಾಗಿತ್ತು, ನನಗೂ ಒಂದು ಬೇಕು ಅಂತ ನಿನ್ನ ದೊಡ್ಡಪ್ಪನಿಗೆ ಹೇಳಿದ್ದೆ.

ಗುಂಡನಿಗೆ ಕಸದ ಲಾರಿ ಅಂದರೆ ಪ್ರಾಣ. ಲಾರಿ ಬಂದ ಸದ್ದಾದರೆ ಎಂಥ ನಿದ್ದೆಯಲ್ಲಿದ್ದರೂ ಎದ್ದು ನಿಲ್ಲುತ್ತಿದ್ದ. ಅವತ್ತೂ ಎದ್ದಿದ್ದಾನೆ. ಶೇಡ್ ಸರಿಸಿ ಅದರ ಹಿಂದೆ ತಲೆ ತೂರಿಸಿದ್ದಾನೆ. ಹಿಂಭಾಗದಲ್ಲಿ ಬಟ್ಟೆಯ ಉದ್ದಕ್ಕೂ ರಿಂಗಿನಿಂದ ರಿಂಗಿಗೆ ದಾರ ಓಡಿರುತ್ತದೆ. ಆ ದಾರ ಕತ್ತಿಗೆ ಬಿದ್ದಿದೆ. ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ, ಬಾಗಿಲು ತೆಗೆದೇ ಇತ್ತು. ಒಂದು ಸದ್ದಿಲ್ಲ ಪುಟ್ಟಿ. ಲಾರಿ ಬಂದಿದೆ, ಇವನು "ತಾತಾ" ಅಂತ ಕೂಗಬೇಕಿತ್ತು, ಕೂಗಲಿಲ್ಲ. ಅದೊಂದೇ ನನ್ನನ್ನು ಎಬ್ಬಿಸಿದ್ದು. ಹೋಗಿ ನೋಡಿದರೆ ಬೆರಳ ತುದಿಯ ಮೇಲೆ ನಿಂತಿದ್ದಾನೆ, ಮುಖ ಕೆಂಪು ಹೋಗಿ ಬೇರೆ ಬಣ್ಣಕ್ಕೆ ತಿರುಗುತ್ತಿದೆ. ಎತ್ತಿ ಹಿಡಿದ ಮೇಲೇ ದಾರ ಸಡಿಲಾಯಿತು. ಆಮೇಲೆ ಅತ್ತ. ಆಮೇಲೆ!

ಅದಕ್ಕೇ ಹೇಳುತ್ತೇನೆ. ಮಗು ಅಳುತ್ತದೆ, ಓಡಿ ಬರುತ್ತೇನೆ ಅಂದುಕೊಳ್ಳಬೇಡ. ದಾರ ಕತ್ತಿಗೆ ಬಿಗಿದರೆ ದನಿಯೇ ಹೊರಡುವುದಿಲ್ಲ.

ಅದೇ ಡಿಸೆಂಬರ್‌ನಲ್ಲಿ ಟಿವಿಯಲ್ಲಿ ಬಂತು. ಅಮೆರಿಕದಲ್ಲಿ ರೋಮನ್ ಶೇಡ್, ಸುತ್ತುವ ಬ್ಲೈಂಡ್ ಎಲ್ಲ ಸೇರಿ 5 ಕೋಟಿಗೂ ಜಾಸ್ತಿ ರಿಕಾಲ್ ಮಾಡಿದರು, ಅಪಾಯ ಅಂತ ವಾಪಸ್ ಕರೆದರು. ಐದು ಕೋಟಿ! ನಮ್ಮ ಅಳಿಯಂದಿರು ಆ ಸುದ್ದಿ ನೋಡಿ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಮನೆಯ ಶೇಡುಗಳನ್ನೆಲ್ಲ ಬಿಚ್ಚಿ ಗ್ಯಾರೇಜಿಗೆ ಹಾಕಿದರು. ಅಂಗಡಿಯಲ್ಲಿ ರೆಡಿ ಸಿಗುವ ಬ್ಲೈಂಡ್ಸಿಗೆ ದಾರವೇ ಇರಬಾರದು, ಇದ್ದರೂ ಕೈಗೆ ಸಿಗಬಾರದು ಅಥವಾ ತೀರಾ ಗಿಡ್ಡ ಇರಬೇಕು ಅಂತ ಅಲ್ಲಿ ಜಾರಿಗೆ ಬಂದದ್ದು 2018ರ ಡಿಸೆಂಬರ್‌ನಲ್ಲಿ. ಲೆಕ್ಕ ಹಾಕು, ಗುಂಡ ಅಷ್ಟರಲ್ಲಿ ಸೈಕಲ್ ಹೊಡೆಯುತ್ತಿದ್ದ.

ನಿನ್ನೆ ಅವನ ಹತ್ತಿರವೇ ಓದಿಸಿದೆ. ಬ್ರಿಟನ್ನಿನಲ್ಲಿ ರೋಸ್ಪಾ ಅಂತ ಅಪಘಾತ ತಡೆಯುವ ಸಂಸ್ಥೆ ಇದೆಯಂತೆ. 15 ಸೆಕೆಂಡಿನಲ್ಲಿ ಮಗುವಿನ ಪ್ರಜ್ಞೆ ತಪ್ಪಬಹುದು, ಎರಡು ಮೂರು ನಿಮಿಷದಲ್ಲಿ ಜೀವವೇ ಹೋಗಬಹುದು ಅನ್ನುತ್ತಾರೆ ಅವರು. ಆಟದ ಕೋಣೆಯಲ್ಲಿ ಅಲ್ಲ, ಹೆಚ್ಚಿನದು ಮಲಗುವ ಕೋಣೆಯಲ್ಲೇ. 16 ತಿಂಗಳಿಂದ 36 ತಿಂಗಳ ಮಕ್ಕಳೇ ಜಾಸ್ತಿ. ಚಿನ್ನುಗೆ ಈಗ ಎಷ್ಟು? ಅದೇ ವಯಸ್ಸು ಅಲ್ವಾ? ಆ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ ಜಾಸ್ತಿ. ಮುಗ್ಗರಿಸಿದರೆ ತಾನಾಗಿ ಮೇಲೆ ಏಳುವ ಶಕ್ತಿ ಇರುವುದಿಲ್ಲ, ಇಡೀ ಭಾರ ಕತ್ತಿನ ಮೇಲೆ ಬೀಳುತ್ತದೆ. ಮತ್ತೆ ಹೇಳುತ್ತೇನೆ, ಅಳು ಕೇಳುವುದಿಲ್ಲ. ಅಳು ಕೇಳಿ ಓಡೋಣ ಅಂತ ಕೂರಬೇಡ.

ಇದನ್ನು ನಾನು ಈ ಗ್ರೂಪಿನಲ್ಲಿ ಮೊದಲೇ ಹಾಕಿದ್ದೆ. ಯಾರು ಓದಿದಿರಿ? ಬೆಳಗಾದರೆ ಗುಲಾಬಿ ಹೂವು, ಶುಭೋದಯ, ಅದಕ್ಕೆ ಎಲ್ಲರೂ ಕೈ ಮುಗಿಯುತ್ತೀರಿ. ನನ್ನ ಬ್ಲೈಂಡ್ಸ್ ಮೆಸೇಜಿಗೆ ಒಬ್ಬರು ನಗುವ ಮುಖ ಹಾಕಿದರು. ಹೆಸರು ಹೇಳುವುದಿಲ್ಲ, ಅವರಿಗೇ ಗೊತ್ತಾಗುತ್ತದೆ. ಕನಕಪುರ ರಸ್ತೆಯ ಫ್ಲಾಟಿನ ಗೃಹಪ್ರವೇಶದಲ್ಲೂ ಇದೇ ಆಯಿತು. ಮಕ್ಕಳ ಕೋಣೆಯಲ್ಲಿ ಬ್ಲೈಂಡಿನ ಮಣಿಸರ ನೆಲ ಮುಟ್ಟುತ್ತಿತ್ತು. ಹಾಕಿಕೊಟ್ಟ ಅಂಗಡಿಯವನು ಬಟ್ಟೆಯ ಬಣ್ಣ, ಮೋಟರು, ರಿಮೋಟು ಎಲ್ಲ ಹೇಳಿದ್ದಾನೆ, ಮಣಿಸರದ ಮಾತೇ ಎತ್ತಿಲ್ಲ. ನಾನು ಸ್ಟೂಲು ಹತ್ತಿ ಅದನ್ನು ಮೇಲೆ ಸುತ್ತಿದೆ. "ಹೋಮಕ್ಕೆ ಕರೆದರೆ ದೊಡ್ಡಮ್ಮ ಹಗ್ಗ ಕಟ್ಟುತ್ತಿದ್ದಾರೆ" ಅಂತ ನಕ್ಕಿದ್ದೇ ನಕ್ಕಿದ್ದು. ನಕ್ಕರೆ ನಗಲಿ. ನಾನು ಇಳಿದು ಬರುವ ಹೊತ್ತಿಗೆ ಮೊದಲ ಪಂಕ್ತಿ ಎದ್ದಿತ್ತು. ಕೊನೆ ಪಂಕ್ತಿಯಲ್ಲಿ ಕೂರಿಸಿ ತಣ್ಣನೆಯ ಹೋಳಿಗೆ ಬಡಿಸಿದರು, ತುಪ್ಪವೂ ಇಲ್ಲ. ಮನೆಗೆ ಹಿರಿಯವಳು ನಾನು. ಗ್ರೂಪ್ ಫೋಟೋದಲ್ಲೂ ನನ್ನ ಅರ್ಧ ಮುಖ ಇದೆ. ಇರಲಿ, ಅದನ್ನು ನಿನ್ನ ಅಮ್ಮನ ಹತ್ತಿರ ಮಾತಾಡಿಕೊಳ್ಳುತ್ತೇನೆ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವೇ ಕೊಡಲಿಲ್ಲ. ನಿನ್ನ ಓನರ್ ಹೇಳಿದ್ದು ಅರ್ಧ ನಿಜ. ಕೆನಡಾದಲ್ಲಿ 2022ರ ಮೇ 1ರಿಂದ ಕಾನೂನು ಇದೆ. ಕೈಗೆ ಸಿಗುವ ದಾರ 22 ಸೆಂಟಿಮೀಟರ್ ದಾಟಬಾರದು. ಕುಣಿಕೆಯಾಗಿದ್ದರೆ ಅದರ ಸುತ್ತಳತೆ 44 ದಾಟಬಾರದು. ಒಂದು ವರ್ಷದ ಮಗುವಿನ ಕತ್ತಿಗೆ ಸುತ್ತಿಕೊಳ್ಳಬಾರದು, ತಲೆಯ ಮೇಲಿಂದ ಇಳಿಯಬಾರದು ಅಂತ ಈ ಅಳತೆ. ಆದರೆ ಆ ಕಾನೂನು ತಯಾರಿಸುವವರಿಗೆ, ತರಿಸುವವರಿಗೆ, ಮಾರುವವರಿಗೆ. ಮೊದಲೇ ಗೋಡೆಗೆ ನೇತುಹಾಕಿದ್ದನ್ನು ಯಾರೂ ಬಂದು ಬಿಚ್ಚಿಸುವುದಿಲ್ಲ. ನಿನ್ನ ಕಿಟಕಿಯಲ್ಲಿ ಇರುವುದು ಅದಕ್ಕಿಂತ ಹಳೆಯದು. ಟೇಪು ಹಿಡಿದು ಅಳೆ, ಗೊತ್ತಾಗುತ್ತದೆ.

ಈಗ ಮೊದಲು ಕ್ರಿಬ್ಬು, ಸೋಫಾ, ಹತ್ತುವಂಥ ಕುರ್ಚಿ ಪೆಟ್ಟಿಗೆ ಯಾವುದೂ ಕಿಟಕಿ ಹತ್ತಿರ ಇರಬಾರದು. ಇವತ್ತೇ ಸರಿಸು, ನಿನ್ನ ಯಜಮಾನರು ಆಫೀಸಿನಿಂದ ಬರಲಿ ಅಂತ ಕಾಯಬೇಡ. ದಾರವನ್ನು ಸುಮ್ನೆ ಗಂಟು ಹಾಕಿ ಬಿಡಬೇಡ, ಗಂಟು ಹಾಕಿದರೆ ಇನ್ನೊಂದು ಕುಣಿಕೆ ಆಗುತ್ತದೆ. ಗೋಡೆಗೆ ಎತ್ತರದಲ್ಲಿ ಕೊಕ್ಕೆ ಹೊಡೆದು ಪೂರ್ತಿ ಸುತ್ತು. ಮೆಲ್ಬೋರ್ನ್‌ನಲ್ಲಿರುವ ನಮ್ಮ ಚಿಕ್ಕವನ ಮನೆಯಲ್ಲಿ ಹಾಗೇ ಮಾಡಿದ್ದಾರೆ. ಆಸ್ಟ್ರೇಲಿಯಾದ ನಿಯಮದಲ್ಲಿ ಕೊಕ್ಕೆ ನೆಲದಿಂದ 1.6 ಮೀಟರಿಗಿಂತ ಕೆಳಗೆ ಇರುವಂತಿಲ್ಲ. ಅಲ್ಲಿ ಹಾಕಿಕೊಡುವವರ ಮೇಲೂ ಜವಾಬ್ದಾರಿ ಇದೆ. ಆದರೆ ಕೊಕ್ಕೆ ನಾಲ್ಕು ದಿನದ ಮಾತು. ಮರೆತು ಒಂದು ಸಲ ಬಿಚ್ಚಿಟ್ಟರೆ ಮುಗಿಯಿತು. ದಾರ ಇಲ್ಲದ ಬ್ಲೈಂಡ್ಸನ್ನೇ ಹಾಕಿಸು.

ಓನರಿಗೆ ಫೋನಿನಲ್ಲಿ ಹೇಳಬೇಡ, ಈಮೇಲ್ ಬರೆ, ನೀನು ಅಳೆದದ್ದನ್ನೂ 22 ಸೆಂಟಿಮೀಟರನ್ನೂ ಅದರಲ್ಲಿ ಹಾಕು. ಒಪ್ಪದಿದ್ದರೆ ಅವರ ಬ್ಲೈಂಡ್ಸನ್ನು ಹಾಳು ಮಾಡದೆ ಬಿಚ್ಚಿ ಅಟ್ಟಕ್ಕೋ ಬೀರುವಿಗೋ ಹಾಕಿಡು, ಮೊಳೆ ಹೊಡೆಯದೆ ಕೂರುವ ಸ್ಪ್ರಿಂಗ್ ಸರಳಿಗೆ ಒಂದು ಹಳೇ ಕಾಟನ್ ಸೀರೆ ಹಾಕು. ಮನೆ ಬಿಡುವಾಗ ಅವರದ್ದನ್ನು ವಾಪಸ್ ನೇತುಹಾಕಿದರಾಯಿತು. ಮತ್ತೆ ಕಡಿಮೆಗೆ ಸಿಗುತ್ತದೆ ಅಂತ ಯಾರದೋ ಬಳಸಿದ ಬ್ಲೈಂಡ್ಸ್ ಕೊಳ್ಳಬೇಡ, ಅಳತೆ ಮೀರಿದ ದಾರ ಇದ್ದರೆ ಅದನ್ನು ಮಾರುವುದೇ ಅಲ್ಲಿ ತಪ್ಪು.

ಈಮೇಲ್ ಕಳಿಸುವ ಮುಂಚೆ ಗುಂಡನಿಗೆ ತೋರಿಸು, ಅವನ ಇಂಗ್ಲಿಷು ಗಟ್ಟಿ. ಬ್ಲೈಂಡಿನ ಫೋಟೋ ನನಗೂ ಹಾಕು. ಎದುರಿನಿಂದ ತೆಗೆದದ್ದು ಬೇಡ, ಎತ್ತಿ ಹಿಂಭಾಗದ್ದು ತೆಗೆ.